ಜೆರಾಕ್ಸ್ ಕೊಡುವ ಮುನ್ನ ಪೆನ್ನು ತೆಗೆಯಿರಿ

ನನ್ನ ಹೆಸರಿನಲ್ಲಿ ಐದು ಸಿಮ್ ಇದ್ದವು. ನಾನು ಬಳಸುತ್ತಿದ್ದುದು ಎರಡು.

ದುಬೈಯ ದೇರಾದಲ್ಲಿ ಬೆಡ್‌ಸ್ಪೇಸ್ (ಹಲವರು ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ) ಹಿಡಿದು ಇದ್ದ ಕಾಲದ ಮಾತು. ಒಂದು ದಿನ ಮೊಬೈಲ್ ಪ್ಲ್ಯಾನ್ ಬದಲಿಸಲು ಕೌಂಟರಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ನನ್ನ ಎಮಿರೇಟ್ಸ್ ಐಡಿ, ಅಂದರೆ ಯುಎಇ ಸರ್ಕಾರ ಕೊಟ್ಟ ಗುರುತಿನ ಕಾರ್ಡು ನೋಡಿ, ಕಂಪ್ಯೂಟರ್ ನೋಡಿ, "ಐದರಲ್ಲಿ ಯಾವ ನಂಬರು?" ಅಂದಳು. ಮೂರು ನಂಬರು ನಾನು ಕಂಡು ಕೇಳಿದ್ದೇ ಅಲ್ಲ. ರಾತ್ರಿ ರೂಮಿನಲ್ಲಿ ಕೂತು, ಆ ವರ್ಷ ಯಾರ್‍ಯಾರಿಗೆ ಐಡಿ ಕಾಪಿ ಕೊಟ್ಟಿದ್ದೆ ಎಂದು ಪಟ್ಟಿ ಮಾಡಿದೆ. ರೂಮ್ ಹಿಡಿದುಕೊಟ್ಟವರು, ಆಫೀಸು, ಬ್ಯಾಂಕು, ಜಿಮ್ಮು, ಕಾರ್ಗೋದವರು, 'ಆಫರ್ ಇದೆ ಭಾಯ್' ಅಂದ ಒಂದು ಚಿಕ್ಕ ಮೊಬೈಲ್ ಅಂಗಡಿ. ಹನ್ನೊಂದು ನೆನಪಾಯಿತು. ನೆನಪಾಗದೇ ಇದ್ದುದು ಎಷ್ಟೋ! ಮೊಬೈಲ್ ಅಂಗಡಿಯ ಮೇಲೆ ನನಗೆ ಸಂಶಯ ಇತ್ತು. ಆದರೆ ಹೇಳಲು ಕೈಯಲ್ಲಿ ಏನಿತ್ತು? ಹನ್ನೊಂದೂ ಕಾಪಿ ಒಂದೇ ತರ ಇದ್ದವು. ಬೋಳು ಬಿಳಿ ಹಾಳೆ, ಮೇಲೆ ಒಂದಕ್ಷರ ಬರೆದಿಲ್ಲ.

ಆ ಮೂರು ನಂಬರು ಬಂದ್ ಮಾಡಿಸಿದೆ. ಅದರಿಂದ ಯಾರೂ ಏನೂ ಮಾಡಿರಲಿಲ್ಲ, ನನ್ನ ಪುಣ್ಯ. ಅಂಥ ಸಿಮ್‌ನಿಂದ ಯಾರಾದರೂ ಯಾರಿಗೋ ಟೋಪಿ ಹಾಕಿದ್ದರೆ ಪೊಲೀಸರು ಮೊದಲು ಹುಡುಕುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವನನ್ನೇ. ಅದು ಗೊತ್ತಾಗುವುದು ರಜೆಗೆ ಹೊರಟು ಏರ್‌ಪೋರ್ಟಿನಲ್ಲಿ ನಿಂತಾಗಲೂ ಆಗಬಹುದು.

ಭಟ್ಕಳದಿಂದ ಕಾರವಾರದವರೆಗೆ ಗಲ್ಫಿಗೆ ಹೋದವರಿಲ್ಲದ ಕೇರಿ ಕಡಿಮೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆಯ ಮಕ್ಕಳು ಈಗ ಜರ್ಮನಿ, ಐರ್ಲೆಂಡ್ ಅಂತ ಓದಲು ಹೋಗುತ್ತಿದ್ದಾರೆ. ಹೊರಡುವಾಗ ಉಪ್ಪಿನಕಾಯಿ, ಹಪ್ಪಳ ಎಲ್ಲ ನೆನಪಿನಿಂದ ಕಟ್ಟಿಕೊಡುತ್ತೇವೆ. ಈ ಕಾಪಿ ವಿಷಯ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಕೊಡಲೇಬೇಕಾ, ಯಾವುದನ್ನು?

"ಕಾಪಿ ಕೊಡಿ" ಅಂದ ಕೂಡಲೇ ಬ್ಯಾಗಿಗೆ ಕೈ ಹಾಕಬೇಡಿ. "ತೋರಿಸಿದರೆ ಸಾಕಾ?" ಎಂದು ಕೇಳಿ. ಕಟ್ಟಡದ ಗೇಟಿನಲ್ಲಿ, ಜಿಮ್ಮಿನಲ್ಲಿ, ಪಾರ್ಸೆಲ್ ಬಿಡಿಸುವಲ್ಲಿ ಅರ್ಧಕ್ಕರ್ಧ ಜನ ಸಾಕು ಅನ್ನುತ್ತಾರೆ. ಅವರಿಗೂ ಕಾಗದ ಕಟ್ಟಿಡುವುದು ತಲೆನೋವೇ.

ಕೊಡಲೇಬೇಕು ಅಂದರೆ ಒಂದೇ ಒಂದು ದಾಖಲೆ ಕೊಡಿ. ಪಾಸ್‌ಪೋರ್ಟು, ವೀಸಾ, ಐಡಿ, ಪ್ಯಾನ್, ಆಧಾರ್ ಎಲ್ಲ ಒಟ್ಟಿಗೆ ಪಿನ್ ಹೊಡೆದು ಕೊಡುವ ಅಭ್ಯಾಸ ನಮ್ಮವರಲ್ಲಿ ಜಾಸ್ತಿ. 'ಸೆಟ್' ಎಂದೇ ಹೆಸರು ಅದಕ್ಕೆ. ಮೇಲೆ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಬೇರೆ. ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕುವವನಿಗೆ ಇನ್ನೇನು ಬೇಕು?

ಆಧಾರ್ ಅಂತೂ ಹೊರದೇಶದ ಮನೆ ಮಾಲೀಕನಿಗೆ, ಅಲ್ಲಿನ ಬ್ಯಾಂಕಿಗೆ ಯಾವ ಕೆಲಸಕ್ಕೂ ಬಾರದು. ಅಲ್ಲಿ ನಿಮ್ಮ ಗುರುತು ಪಾಸ್‌ಪೋರ್ಟು ಮತ್ತು ಆ ದೇಶ ಕೊಟ್ಟ ಕಾರ್ಡು. ಗಲ್ಫಿನಲ್ಲಿ ಕೂತು ಯಾರಾದರೂ ಆಧಾರ್ ಕಾಪಿ ಕೇಳಿದರೆ ಎಂತಕ್ಕೆ ಎಂದು ಎರಡು ಸಲ ಕೇಳಿ. ಭಾರತದ ದೂತಾವಾಸದ ಕೆಲಸ, ಊರಿನ ಬ್ಯಾಂಕಿನ ಕೆಲಸ ಬೇರೆ ಮಾತು.

ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟ ಎಲ್ಲರೂ ಮರೆಯುವಂಥದ್ದು. ಅದರಲ್ಲಿ ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿಯ ಹೆಸರು, ಊರ ಮನೆಯ ವಿಳಾಸ ಇರುತ್ತದೆ. 'ತಾಯಿಯ ಹೆಸರೇನು' ಎನ್ನುವುದು ಎಷ್ಟೋ ಬ್ಯಾಂಕುಗಳು ಫೋನಿನಲ್ಲಿ ಕೇಳುವ ಪ್ರಶ್ನೆ, ಅಲ್ವಾ? ರೂಮ್ ಬಾಡಿಗೆಗೆ ಮೊದಲ ಪುಟ ಸಾಕು. ಕೊನೆಯ ಪುಟ ಬೇಕೇ ಬೇಕು ಅಂದವರಿಗೆ ಮಾತ್ರ ಅದನ್ನು ಕೊಡಿ.

ಕೆಲಸಕ್ಕೆ ಕಳಿಸುತ್ತೇನೆ ಎನ್ನುವ ಏಜೆಂಟರಿಗೂ ಇದೇ ಲೆಕ್ಕ. ಪಾಸ್‌ಪೋರ್ಟ್ ಕಾಪಿ ವಾಟ್ಸಾಪಿನಲ್ಲಿ ಕಳಿಸುವ ಮೊದಲು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಆ ಏಜೆಂಟನ ಹೆಸರು ನೋಂದಾಯಿತ ಪಟ್ಟಿಯಲ್ಲಿ ಇದೆಯಾ ನೋಡಿ. ಪಟ್ಟಿಯಲ್ಲಿ ಇಲ್ಲದವನಿಗೆ ನಿಮ್ಮ ಪಾಸ್‌ಪೋರ್ಟಿನ ಮುಖವೂ ತೋರಿಸಬೇಡಿ.

ಅಸಲಿ ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು. ಅದನ್ನು ಕಂಪನಿ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳಲು ಯುಎಇಯ ಕಾನೂನು ಬಿಡುವುದಿಲ್ಲ. ಆದರೂ ಇಟ್ಟುಕೊಳ್ಳುತ್ತಾರೆ, ಅದು ಬೇರೆ ರಾಮಾಯಣ.

ಆಮೇಲೆ: ಕಾಪಿಯ ಮೇಲೆ ಬರೆಯಿರಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ತೀರಾ ಕಡಿಮೆ ಖರ್ಚಿನ, ತೀರಾ ಹೆಚ್ಚು ಉಪಯೋಗದ ಕೆಲಸ ಇದು. ಒಂದು ಬಾಲ್ ಪೆನ್ನು ಸಾಕು. ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ. ಈ ಮೂರು ಬರೆದು ಸಹಿ ಹಾಕಿ. ಅಲ್ಲಿನವರು ಓದಬೇಕಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ. "ಓನ್ಲಿ ಫಾರ್ ರೂಮ್ ರೆಂಟ್, ದೇರಾ, 14-03-2025" ಅಂದರೆ ಮುಗಿಯಿತು. ಮನೆ ಮಾಲೀಕನ ಹೆಸರೂ ಸೇರಿಸಿದರೆ ಇನ್ನೂ ಒಳ್ಳೆಯದು. ಈ ಕಾಪಿ ಮುಂದೆ ಮೊಬೈಲ್ ಅಂಗಡಿಯಲ್ಲಿ ಕಾಣಿಸಿಕೊಂಡರೆ ಅದು ಹೊರಟ ಮನೆ ಯಾವುದೆಂದು ಹಾಳೆಯೇ ಹೇಳುತ್ತದೆ. ನನ್ನ ಹನ್ನೊಂದು ಕಾಪಿಗಳಲ್ಲಿ ಇಲ್ಲದೇ ಇದ್ದುದು ಇದೇ.

ಎಲ್ಲಿ ಬರೆಯಬೇಕು ಎನ್ನುವುದರಲ್ಲೇ ಜಾಣತನ. ಜನ ಸಾಮಾನ್ಯವಾಗಿ ಹಾಳೆಯ ಕೆಳಗೆ ಖಾಲಿ ಜಾಗದಲ್ಲಿ ಬರೆಯುತ್ತಾರೆ. ಕತ್ತರಿ ಹಿಡಿದರೆ ಅದು ಹೋಯಿತು. ಕತ್ತರಿಯೂ ಬೇಡ, ಅದರ ಮೇಲೆ ಒಂದು ಬಿಳಿ ಚೀಟಿ ಇಟ್ಟು ಮತ್ತೆ ಜೆರಾಕ್ಸ್ ತೆಗೆದರೆ ಕಾಪಿ ಮೊದಲಿನ ಹಾಗೆ ಬೋಳು. ಹಾಗಾಗಿ ಅಕ್ಷರ ದಾಖಲೆಯ ಚಿತ್ರದ ಮೇಲೇ ಓರೆಯಾಗಿ ಹಾಯಬೇಕು. ಫೋಟೋದ ಅಂಚಿನಿಂದ ಹೊರಟು, ಹೆಸರಿನ ಸಾಲು ದಾಟಿ, ನಂಬರಿನ ಮೇಲೆ ಹೋಗಬೇಕು. ಮುಖವೂ ನಂಬರೂ ಓದಲು ಬರಬೇಕು, ಆದರೆ ನಿಮ್ಮ ಬರಹ ತೆಗೆಯಲು ಹೋದರೆ ಅವೂ ಹಾಳಾಗಬೇಕು. ತೆಳು ನೀಲಿ ಶಾಯಿ ಬೇಡ, ಕೆಲವು ಯಂತ್ರದಲ್ಲಿ ಅದು ಮಾಸಿಹೋಗುತ್ತದೆ. ಗಟ್ಟಿ ನೀಲಿ ಆಗಬಹುದು. ನೀವು ಕೈಯಾರೆ ಕೊಟ್ಟ ಹಾಳೆಯಲ್ಲಿ ಅದು ನೀಲಿಯಾಗಿ ಕಾಣುತ್ತದೆ. ಅದರ ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಕಪ್ಪಾಗುತ್ತದೆ.

ಕೆಲವು ಬ್ಯಾಂಕು, ವೀಸಾ ಸೆಂಟರಿನವರು "ಗೀಚಿದ ಕಾಪಿ ನಡೆಯುವುದಿಲ್ಲ" ಅನ್ನುತ್ತಾರೆ. ಜಗಳ ಬೇಡ. ಅಸಲಿ ಕೊಟ್ಟು, ನಿಮ್ಮ ಎದುರೇ ಸ್ಕ್ಯಾನ್ ಮಾಡಿ ವಾಪಸ್ ಕೊಡಲು ಹೇಳಿ. ಹಾಳೆಯೇ ಬೇಕು ಅಂದರೆ ಮಾತ್ರ ಫೋಟೋ, ನಂಬರು ಬಿಟ್ಟು ಮಧ್ಯದ ಜಾಗದಲ್ಲಿ ಚಿಕ್ಕದಾಗಿ ಬರೆಯಿರಿ.

ಇದೆಲ್ಲ ಅತಿಯಾಯಿತು ಅನ್ನಿಸಿದರೆ ಯುರೋಪಿನ ಕಡೆ ನೋಡಿ. ನೆದರ್ಲ್ಯಾಂಡ್ಸ್ ಸರ್ಕಾರ 'ಕೋಪಿ ಐಡಿ' ಎಂಬ ಆ್ಯಪ್ ಮಾಡಿ ಬಿಟ್ಟಿದೆ. ಫೋನಿನಲ್ಲಿ ಕಾರ್ಡಿನ ಫೋಟೋ ತೆಗೆದರೆ ಬೇಡದ ನಂಬರು ಮುಚ್ಚಿ, ಯಾವ ಕೆಲಸದ ಕಾಪಿ ಎಂದು ಅಡ್ಡ ಬರೆದುಕೊಳ್ಳಲು ಬರುತ್ತದೆ. ಫ್ರಾನ್ಸ್ ಸರ್ಕಾರ 'ಫಿಲಿಗ್ರಾನ್ ಫಸೀಲ್' ಎಂಬ ಜಾಲತಾಣ ಇಟ್ಟಿದೆ, ಅದೂ ಕಾಪಿಯ ಮೇಲೆ ನಮ್ಮ ಬರಹ ಅಚ್ಚು ಹಾಕಿಕೊಡುವುದಕ್ಕೆ. ಓದಲು ಹೋದ ಮಕ್ಕಳು ಅಲ್ಲಿ ಮನೆ ಹುಡುಕುವಾಗ ಬಳಸಬಹುದು. ಯಾರೋ ಕಂಡಕಂಡ ಉಚಿತ ವಾಟರ್‌ಮಾರ್ಕ್ ಜಾಲತಾಣಕ್ಕೆ ಮಾತ್ರ ಪಾಸ್‌ಪೋರ್ಟ್ ಅಪ್‌ಲೋಡ್ ಮಾಡಬೇಡಿ. ಕಳ್ಳನ ಕೈಗೆ ಬೀಗದ ಕೈ ಕೊಟ್ಟು ಬೀಗ ಹಾಕಿಸಿದ ಹಾಗೆ.

ಮುಚ್ಚುವುದಾದರೆ ಪೂರ್ತಿ ಮುಚ್ಚಿ

ಪಾಸ್‌ಪೋರ್ಟ್ ನಂಬರ್ ಬೇಡವಾದ ಕಡೆ ಕೊಡುವ ಕಾಪಿಯಲ್ಲಿ ಅದನ್ನು ಮುಚ್ಚಬಹುದು. ನನ್ನ ಭಾವ ಒಮ್ಮೆ ಹಾಗೆ ಮಾಡಿದ್ದ. ಮೇಲಿನ ಬಲಮೂಲೆಯ ನಂಬರಿಗೆ ಶಿಸ್ತಾಗಿ ಕಪ್ಪು ಬಳಿದು ಖುಷಿಯಲ್ಲಿದ್ದ. ಪುಟದ ಅಡಿಯಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತದಲ್ಲ, ಒಂದೊಂದರಲ್ಲಿ 44 ಅಕ್ಷರ? ಯಂತ್ರ ಓದುವ ಸಾಲು ಅದು. ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ, ಮುಗಿಯುವ ದಿನ ಎಲ್ಲ ಅದರಲ್ಲಿ ಮತ್ತೊಮ್ಮೆ ಇದೆ. ಭಾವನ ಕಾಪಿಯಲ್ಲಿ ಅದು ನಗುತ್ತಾ ಕೂತಿತ್ತು. ಎಮಿರೇಟ್ಸ್ ಐಡಿಯ ಹಿಂಬದಿಯಲ್ಲೂ ಅಂಥ ಸಾಲುಗಳಿವೆ.

ಕಾಗದದ ಮೇಲೆ ಸ್ಕೆಚ್ ಪೆನ್ ಬಳಿದರೆ ಬೆಳಕಿಗೆ ಹಿಡಿದಾಗ ಅಡಿಯ ಅಕ್ಷರ ಕಾಣುತ್ತದೆ. ಬಳಿದ ಹಾಳೆಯನ್ನೇ ಮತ್ತೆ ಜೆರಾಕ್ಸ್ ಮಾಡಿಸಿ, ಆ ಎರಡನೇ ಹಾಳೆ ಕೊಡಿ. ಫೋನಿನಲ್ಲೂ ಇದೇ ಕಥೆ. ಫೋಟೋ ಎಡಿಟ್‌ನಲ್ಲಿ ಇರುವ ಹೈಲೈಟರ್ ಪೆನ್ನಿನ ಕಪ್ಪು ಪೂರ್ತಿ ಕಪ್ಪಲ್ಲ. ಯಾರಾದರೂ ಬ್ರೈಟ್‌ನೆಸ್ ಏರಿಸಿದರೆ ನಂಬರು ಎದ್ದು ಬರುತ್ತದೆ. ತುಂಬಿದ ಕಪ್ಪು ಚೌಕ ಇಟ್ಟು ಮುಚ್ಚಿ. ಪಿಡಿಎಫ್‌ನಲ್ಲಿ ಇಟ್ಟ ಚೌಕವನ್ನು ಕೆಲವೊಮ್ಮೆ ಎತ್ತಿ ಬದಿಗಿಡಬಹುದು, ಹಾಗಾಗಿ ಮುಚ್ಚಿದ ಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿ.

ಪ್ಯಾನ್ ಕಾರ್ಡಿನಲ್ಲಿ ನಿಮ್ಮ ಸಹಿಯ ಚಿತ್ರ ಇದೆ. ನಂಬರ್ ಮಾತ್ರ ಬೇಕಾದವರಿಗೆ ಸಹಿ ಯಾಕೆ? ಮುಚ್ಚಿ.

ಆಧಾರ್‌ಗೆ ಸರ್ಕಾರವೇ ಮುಚ್ಚಿಕೊಡುವ ವ್ಯವಸ್ಥೆ ಇದೆ. ಮೈಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಡೌನ್‌ಲೋಡ್ ಮಾಡುವಾಗ 'ಮಾಸ್ಕ್ಡ್ ಆಧಾರ್' ಎನ್ನುವಲ್ಲಿ ಟಿಕ್ ಹಾಕಿ. ಕೊನೆಯ 4 ಅಂಕಿ ಮಾತ್ರ ಕಾಣುವ ಪಿಡಿಎಫ್ ಬರುತ್ತದೆ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜೊತೆಗೆ ಹುಟ್ಟಿದ ವರ್ಷ. ನಿಮ್ಮ ಹೆಸರು, ವಯಸ್ಸು ಗೊತ್ತಿದ್ದ ಯಾರೂ ತೆರೆಯಬಹುದು ಎಂದಾಯಿತು. ಪಾಸ್‌ವರ್ಡ್ ಇದೆ ಎಂಬ ಧೈರ್ಯದ ಮೇಲೆ ಪೂರ್ತಿ ನಂಬರಿನ ಪಿಡಿಎಫ್ ಕಳಿಸಬೇಡಿ. ನಂಬರೇ ಬೇಕು ಅಂದವರಿಗೆ ಆಧಾರ್ ನಂಬರಿನ ಬದಲಿಗೆ ಬಳಸುವ 16 ಅಂಕಿಯ ವರ್ಚುವಲ್ ಐಡಿ ಕೊಡಬಹುದು. ಬೇಕಾದಾಗ ಹೊಸದು ಮಾಡಿಕೊಂಡರೆ ಹಳೆಯದು ಸತ್ತ ಹಾಗೆ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು, ಜನ ತಪ್ಪು ತಿಳಿಯಬಹುದು ಎಂದು. ಪ್ರಕಟಣೆ ಹೋಯಿತು, ಮಾಸ್ಕ್ಡ್ ಆಧಾರ್ ಇದೆ. ನಾನು ಅದನ್ನೇ ಕೊಡುತ್ತೇನೆ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರ್

ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಊರಲ್ಲೂ ಅದೇ, ದೇರಾದಲ್ಲೂ ಅದೇ. ಗೋಡೆಯ ಮೇಲೆ ಒಂದು ವಾಟ್ಸಾಪ್ ನಂಬರ್ ಅಂಟಿಸಿರುತ್ತಾರೆ. "ಅದಕ್ಕೆ ಕಳಿಸಿ" ಅನ್ನುತ್ತಾನೆ ಹುಡುಗ. ನೀವು ಪಾಸ್‌ಪೋರ್ಟ್ ಪಿಡಿಎಫ್ ಕಳಿಸುತ್ತೀರಿ, ಅವನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪ್ರಿಂಟ್ ಕೊಡುತ್ತಾನೆ, ನೀವು ಹತ್ತು ರೂಪಾಯಿ ಕೊಟ್ಟು ಬಸ್ ಹಿಡಿಯುತ್ತೀರಿ. ಪಿಡಿಎಫ್ ಅಲ್ಲೇ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮಲಗಿರುತ್ತದೆ. ನಾನು ಒಮ್ಮೆ ಇಣುಕಿ ನೋಡಿದ್ದೆ. ಮದುವೆ ಕಾಗದ, ಪಹಣಿ, ಯಾರದೋ ಮಗಳ ಅಂಕಪಟ್ಟಿ, ನಡುವೆ ಸಾಲಾಗಿ ಆಧಾರ್. ಹುಡುಗ ಕೆಟ್ಟವನಲ್ಲ. ಅವನಿಗೆ ಅಳಿಸಲು ಪುರುಸೊತ್ತಿಲ್ಲ, ಅಷ್ಟೇ. ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಜನ ನಿಲ್ಲುತ್ತಾರೆ?

ನಾನೀಗ ಹೀಗೆ ಮಾಡುತ್ತೇನೆ. ಫೋನಿನಲ್ಲೇ ಕೆಲಸ, ದಿನಾಂಕ ಬರೆದು, ಆಮೇಲೆ ಅಂಗಡಿಗೆ ಕಳಿಸುತ್ತೇನೆ. ಪ್ರಿಂಟ್ ಬಂದ ಮೇಲೆ "ತಮ್ಮಾ, ಅದೊಂದು ಡಿಲೀಟ್ ಮಾಡು, ರೀಸೈಕಲ್ ಬಿನ್‌ನಿಂದಲೂ" ಎಂದು ಅಲ್ಲೇ ನಿಂತು ಹೇಳುತ್ತೇನೆ. ಮೊದಲ ಸಲ ವಿಚಿತ್ರವಾಗಿ ನೋಡಿದ, ಈಗ ಅವನಾಗೇ ಅಳಿಸಿ ತೋರಿಸುತ್ತಾನೆ. ನಾನೂ ನನ್ನ ಫೋನಿನಲ್ಲಿ 'ಡಿಲೀಟ್ ಫಾರ್ ಎವ್ರಿಒನ್' ಒತ್ತುತ್ತೇನೆ. ಆದರೆ ಅದು ಚಾಟಿನಿಂದ ಮಾತ್ರ ಹೋಗುತ್ತದೆ, ಕಂಪ್ಯೂಟರಿಗೆ ಒಮ್ಮೆ ಇಳಿದ ಫೈಲಿಗೆ ಅದು ತಾಗುವುದಿಲ್ಲ. ಕಾಪಿ ಕಪ್ಪಾಗಿ ಬಂತೆಂದು ಬುಟ್ಟಿಗೆ ಎಸೆದ ಹಾಳೆಯನ್ನೂ ಕೇಳಿ ತೆಗೆದುಕೊಳ್ಳಿ. ಅದರಲ್ಲೇ ಮಂಡಕ್ಕಿ ಕಟ್ಟಿಕೊಟ್ಟದ್ದು ನಾನು ಕಂಡಿದ್ದೇನೆ.

ಮನೆಯವರ ವಾಟ್ಸಾಪ್ ಗ್ರೂಪು ಇನ್ನೊಂದು ಜಾಗ. "ಅಣ್ಣನ ಪಾಸ್‌ಪೋರ್ಟ್ ಕಾಪಿ ಯಾರ ಹತ್ರ ಇದೆ?" ಅಂದರೆ ಮೂವರು ಒಟ್ಟಿಗೆ ಹಾಕುತ್ತಾರೆ. ಗ್ರೂಪಿನಲ್ಲಿರುವ ಇಪ್ಪತ್ತು ಫೋನಿನ ಗ್ಯಾಲರಿಗೂ ಅದು ಹೋಯಿತು. ಡಿಜಿಲಾಕರ್‌ನಲ್ಲಿ ಆಧಾರ್, ಪ್ಯಾನ್ ಇಟ್ಟುಕೊಂಡು, ಬೇಕಾದವರಿಗೆ ಬೇಕಾದಾಗ ಒಬ್ಬರಿಗೇ ಕಳಿಸಿ.

ಒಂದು ಪುಟ್ಟ ಪಟ್ಟಿ

ಫೋನಿನ ನೋಟ್ಸಿನಲ್ಲೋ ಡೈರಿಯ ಕೊನೆಯ ಪುಟದಲ್ಲೋ ಬರೆದಿಡಿ. ಯಾವ ದಿನ, ಯಾರಿಗೆ, ಏನು ಕೊಟ್ಟೆ. ಒಂದು ಸಾಲು. ಕೆಲಸ ಬಿಟ್ಟಾಗ, ರೂಮ್ ಖಾಲಿ ಮಾಡಿದಾಗ ಆ ಪಟ್ಟಿ ನೋಡಿ "ನನ್ನ ಕಾಪಿ ವಾಪಸ್ ಕೊಡಿ" ಎಂದು ಕೇಳಿ. ಕೊಡದಿದ್ದರೂ ಕೇಳಿದ್ದು ವಾಟ್ಸಾಪಿನಲ್ಲಿ ಉಳಿಯುತ್ತದೆ.

ಊರಿನ ಬಾಗಿಲು ಹಾಕುವುದು

ಎಷ್ಟು ಜಾಗ್ರತೆ ಮಾಡಿದರೂ ಹಳೆಯ ಕಾಪಿಗಳು ಎಲ್ಲೋ ಇದ್ದೇ ಇರುತ್ತವೆ. ಅವು ಯಾರ ಕೈಗೆ ಸಿಕ್ಕರೂ ಕೆಲಸಕ್ಕೆ ಬಾರದ ಹಾಗೆ ಮಾಡುವುದು ಮುಂದಿನ ಹೆಜ್ಜೆ.

ಮೊದಲನೆಯದು ನಿಮ್ಮ ಊರಿನ ಮೊಬೈಲ್ ನಂಬರ್. ಹೋಗುವಾಗ ಸಿಮ್ ತೆಗೆದು ಡ್ರಾಯರಿಗೆ ಹಾಕಿ ಹೋಗುತ್ತೇವೆ, ರೀಚಾರ್ಜ್ ಮಾಡುವುದಿಲ್ಲ. ಪ್ರೀಪೇಯ್ಡ್ ನಂಬರ್ 90 ದಿನ ಬಳಕೆಯಲ್ಲಿ ಇಲ್ಲದಿದ್ದರೆ ಕಂಪನಿ ಕಡಿಯಬಹುದು. ಆಮೇಲೆ ಸ್ವಲ್ಪ ಸಮಯ ಬಿಟ್ಟು ಅದೇ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಆಧಾರ್‌ಗೂ ಬ್ಯಾಂಕಿಗೂ ಇನ್ನೂ ಅದೇ ನಂಬರ್ ಇರುತ್ತದೆ. ಈಗ ಒಟಿಪಿ ಯಾರ ಫೋನಿಗೆ ಬರುತ್ತದೆ, ಯೋಚಿಸಿ. ಅವನ ಹತ್ತಿರ ನಿಮ್ಮ ಒಂದು ಜೆರಾಕ್ಸೂ ಇದ್ದರೆ? ಹಾಗಾಗಿ ಕಡಿಮೆ ದರದ ಒಂದು ಪ್ಲ್ಯಾನ್ ಹಾಕಿ, ರೋಮಿಂಗ್ ಮಾಡಿಸಿ, ಆ ಸಿಮ್ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಕೆಳಗೆ ಹೇಳುವ ಹೆಚ್ಚಿನ ಕೆಲಸಕ್ಕೆ ಒಟಿಪಿ ಈ ನಂಬರಿಗೇ ಬರುತ್ತದೆ.

ಎರಡನೆಯದು ಆಧಾರ್ ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿರುವ ನಿಮ್ಮ ಬೆರಳಚ್ಚನ್ನು ಯಾರೂ ಬಳಸದ ಹಾಗೆ ಬೀಗ ಹಾಕುವುದು. 2023ರಲ್ಲಿ ಮಂಗಳೂರು ಕಡೆ, ಜಾಗದ ನೋಂದಣಿ ಮಾಡಿಸಿ ಬಂದ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಹೋದ ದೂರುಗಳು ಬಂದವು. ಒಟಿಪಿ ಇಲ್ಲ, ಎಟಿಎಂ ಕಾರ್ಡ್ ಇಲ್ಲ. ಆಧಾರ್ ನಂಬರು ಮತ್ತು ಬೆರಳಚ್ಚಿನ ನಕಲು ಬಳಸಿ ತೆಗೆದಿದ್ದರು. ಬಯೋಮೆಟ್ರಿಕ್ ಲಾಕ್ ಮಾಡಿ ಎಂದು ಪೊಲೀಸರು ಆಗ ಹೇಳಿದ್ದರು. ಹೊರದೇಶದಲ್ಲಿ ಇರುವವರಿಗೆ ಬೆರಳು ಒತ್ತುವ ಕೆಲಸ ಊರಲ್ಲಿ ಏನಿದೆ? ಮೈಆಧಾರ್ ಜಾಲತಾಣದಲ್ಲಿ ಲಾಕ್ ಮಾಡಿ ಬಿಡಿ. ಊರಿಗೆ ಬಂದು ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದು ಕೆಲಸ ಮುಗಿಸಬಹುದು. ಒಟಿಪಿಯಿಂದ ಆಗುವ ಕೆಲಸಕ್ಕೆ ತೊಂದರೆ ಇಲ್ಲ. ಅದೇ ಜಾಲತಾಣದಲ್ಲಿ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಪಟ್ಟಿಯೂ ಸಿಗುತ್ತದೆ. ನೀವು ಮಸ್ಕತ್‌ನಲ್ಲಿ ಇದ್ದ ದಿನ ಊರಲ್ಲಿ ನಿಮ್ಮ ಬೆರಳು ಒತ್ತಿದ ದಾಖಲೆ ಇದ್ದರೆ ಬೇರೆ ಸಾಕ್ಷಿ ಬೇಡ.

ಮೂರು ತಿಂಗಳಿಗೊಮ್ಮೆ ನೋಡುವುದು

ದಿನ ಇಟ್ಟುಕೊಂಡರೆ ಮರೆಯುವುದಿಲ್ಲ. ನಾನು ಯುಗಾದಿ, ಚೌತಿ, ದೀಪಾವಳಿ, ಸಂಕ್ರಾಂತಿ ಎಂದು ಇಟ್ಟುಕೊಂಡಿದ್ದೇನೆ. ಅಂತರ ಸಾಕಷ್ಟು ಹೆಚ್ಚುಕಮ್ಮಿ ಆಗುತ್ತದೆ, ಪರವಾಗಿಲ್ಲ.

ಭಾರತದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ಜಾಲತಾಣ ತೋರಿಸುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇನಲ್ಲಿ ಶುರು ಮಾಡಿದ್ದು. ನಿಮ್ಮದಲ್ಲದ ನಂಬರ್ ಕಂಡರೆ 'ನನ್ನ ನಂಬರ್ ಅಲ್ಲ' ಎಂದು ಅಲ್ಲೇ ಒತ್ತಬಹುದು. ಒಬ್ಬರ ಹೆಸರಿನಲ್ಲಿ ನಮ್ಮಲ್ಲಿ 9 ಸಿಮ್ ತನಕ ಇರಬಹುದು, ಹಾಗಾಗಿ ಎರಡು ಮೂರು ಕಳ್ಳ ನಂಬರ್ ಇದ್ದರೂ ನಿಮಗೆ ಏನೂ ತೊಂದರೆ ಕಾಣದೆ ವರ್ಷಗಟ್ಟಲೆ ನಡೆಯುತ್ತದೆ. ಯುಎಇಯಲ್ಲಿ ದೂರಸಂಪರ್ಕ ಪ್ರಾಧಿಕಾರದ 'ಹೆಸಾಬಾತಿ' ಸೇವೆ ಇದೇ ಕೆಲಸ ಮಾಡುತ್ತದೆ. ಸೌದಿಯಲ್ಲಿ 'ಅರ್ಕಾಮಿ'.

ಸಾಲದ ವಿಷಯ ಇನ್ನೂ ಮುಖ್ಯ. ಪ್ಯಾನ್ ಮತ್ತು ಆಧಾರ್ ಕಾಪಿ ಇಟ್ಟುಕೊಂಡು ಆ್ಯಪಿನಲ್ಲಿ ಸಾಲ ಎತ್ತಿದರೆ ನಿಮಗೆ ಗೊತ್ತಾಗುವುದು ಮನೆ ಸಾಲಕ್ಕೆ ಹೋದಾಗಲೇ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸಾಲದ ಲೆಕ್ಕ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ರಿಸರ್ವ್ ಬ್ಯಾಂಕಿನ ನಿಯಮ ಅದು. ಒಂದೊಂದು ಹಬ್ಬಕ್ಕೆ ಒಂದೊಂದು ಕಂಪನಿಯದು ತೆಗೆದರೆ ದುಡ್ಡಿಲ್ಲದೆ ವರ್ಷ ಪೂರ್ತಿ ಕಣ್ಣಿಟ್ಟ ಹಾಗಾಯಿತು. ಆದಾಯ ತೆರಿಗೆ ಜಾಲತಾಣದ ಎಐಎಸ್ (ನಿಮ್ಮ ಪ್ಯಾನ್‌ನಲ್ಲಿ ಆದ ವ್ಯವಹಾರಗಳ ವರ್ಷದ ಪಟ್ಟಿ) ಕೂಡ ನೋಡಿ. ನಿಮ್ಮ ಪ್ಯಾನ್ ಹಾಕಿ ಯಾರಾದರೂ ದೊಡ್ಡ ವ್ಯವಹಾರ ಮಾಡಿದ್ದರೆ ಅದರಲ್ಲಿ ಬಂದಿರುವ ಸಾಧ್ಯತೆ ಹೆಚ್ಚು. ಯುಎಇಯಲ್ಲಿ ಸಾಲದ ವರದಿ ಕೊಡುವುದು ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋ, ಸೌದಿಯಲ್ಲಿ ಸಿಮಾಹ್.

ಊರಲ್ಲಿ ಜಾಗ, ತೋಟ ಇದ್ದವರು ಭೂಮಿ ಜಾಲತಾಣದಲ್ಲಿ ಪಹಣಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆದು ನೋಡುವುದು ಒಳ್ಳೆಯದು. ಮಾಲೀಕ ಊರಲ್ಲಿ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಏನಾದರೂ ಕಂಡರೆ

ಮೊದಲು ಸ್ಕ್ರೀನ್‌ಶಾಟ್. ನಂತರ ಸಿಮ್ ಆದರೆ ಕಂಪನಿಗೆ, ಸಾಲ ಆದರೆ ಸಾಲ ಕೊಟ್ಟವರಿಗೂ ವರದಿ ಕೊಟ್ಟ ಕಂಪನಿಗೂ ಬರಹದಲ್ಲಿ ದೂರು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ದೂರಿನ ನಂಬರ್ ಕೇಳಿ ಪಡೆಯಿರಿ. ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೆ ಹೇಳಿ, ಜೊತೆಗೇ 1930. ಇದು ಭಾರತದ ಒಳಗಿನ ಸಹಾಯವಾಣಿ. ಹೊರಗಿನಿಂದ ಸಿಗದಿದ್ದರೆ ಕಾಯುತ್ತಾ ಕೂರಬೇಡಿ, ಊರಲ್ಲಿರುವ ತಮ್ಮನಿಗೋ ಹೆಂಡತಿಗೋ ಕರೆ ಮಾಡಲು ಹೇಳಿ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಹಾಕಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಕಾರವಾರದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ, ಸೈಬರ್ ದೂರು ನೋಡುವವರು ಅವರೇ.

ಹೊರದೇಶದಲ್ಲೇ ಆದ ಮೋಸಕ್ಕೆ ಅಲ್ಲಿನ ಪೊಲೀಸರಿಗೇ ದೂರು ಕೊಡಬೇಕು. ಹೆದರಿ ಸುಮ್ಮನಿದ್ದರೆ ಮುಂದೆ ಕೇಸು ನಿಮ್ಮ ಮೇಲೇ ನಿಲ್ಲುತ್ತದೆ. ಭಾಷೆ, ಕಾನೂನು ಗೊತ್ತಾಗದಿದ್ದರೆ ಭಾರತದ ದೂತಾವಾಸವನ್ನು ಕೇಳಿ. ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಯಾವ ದೇಶದಿಂದಲಾದರೂ ವಿದೇಶಾಂಗ ಇಲಾಖೆಯ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ಬರಿ ಕಾಪಿ ಸೋರಿದ್ದಕ್ಕೆ ಗಾಬರಿಯಾಗಿ ಪಾಸ್‌ಪೋರ್ಟ್ ಕಳೆದಿದೆ ಎಂದು ಸುಳ್ಳು ದೂರು ಕೊಡಲು ಮಾತ್ರ ಹೋಗಬೇಡಿ. ಹಾಗೆ ಸಲಹೆ ಕೊಡುವವರು ಕೆಲಸಗಾರರು ಉಳಿಯುವ ಎಲ್ಲ ಕ್ಯಾಂಪಿನಲ್ಲೂ ಒಬ್ಬರಿರುತ್ತಾರೆ.

ಕಪಾಟಿನಲ್ಲಿ ಇರುವುದು

ಕೊನೆಯ ಕೆಲಸ ರಜೆಗೆ ಬಂದಾಗಿನದು. ನಮ್ಮ ಮನೆಯಲ್ಲಿ ಆಯಿಯ ಸೀರೆಯ ಕಪಾಟಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಹೊರಗೆ ಸುರಿದರೆ ನನ್ನ ಮೂರು ಹಳೆಯ ವೀಸಾ ಕಾಪಿ, ಆಧಾರ್ ಜೆರಾಕ್ಸ್ ಹದಿನಾಲ್ಕು, ಪ್ಯಾನ್ ಒಂಬತ್ತು, ಕೆಲವದರ ಮೇಲೆ ನಾನೇ ಹಿಂದಿನ ಸಲ ಹೋಗುವಾಗ ಮುಂಗಡ ಸಹಿ ಮಾಡಿಟ್ಟದ್ದು. "ಅರ್ಜೆಂಟಿಗೆ ಬೇಕಾದರೆ" ಎಂದು ಇಟ್ಟದ್ದು. ಬರಹ ಇಲ್ಲ, ದಿನಾಂಕ ಇಲ್ಲ, ಸಹಿ ಮಾತ್ರ ಇದೆ. ಖಾಲಿ ಚೆಕ್ಕಿಗೆ ಸಹಿ ಮಾಡಿಟ್ಟ ಹಾಗೆಯೇ ಅಲ್ವಾ?

"ಎಂತಕ್ಕೆ ಎಲ್ಲ ತೆಗಿತೆ? ಮುಂದೆ ಬೇಕಾದ್ರೆ?" ಅಂತ ಆಯಿ.

"ಬೇಕಾದ್ರೆ ಫೋನ್ ಮಾಡು, ಅವತ್ತಿನ ತಾರೀಕು ಬರೆದು ಕಳಿಸ್ತೆ."

ಒಂದು ಮಾಸ್ಕ್ಡ್ ಆಧಾರ್, ಒಂದು ಪಾಸ್‌ಪೋರ್ಟ್ ಕಾಪಿ, ಎರಡರ ಮೇಲೂ 'ಮನೆಯಲ್ಲಿ ಇಡಲು ಮಾತ್ರ' ಎಂದು ಅಡ್ಡ ಬರೆದು ಅವಳ ಕೈಗೆ ಕೊಟ್ಟೆ. ಉಳಿದದ್ದು ಬಚ್ಚಲ ಒಲೆಗೆ. ಲ್ಯಾಮಿನೇಟ್ ಮಾಡಿದ್ದನ್ನು ಒಲೆಗೆ ಹಾಕಬೇಡಿ, ಹೊಗೆ ಮನೆ ತುಂಬುತ್ತದೆ. ಅದನ್ನು ಅಡಿಕೆ ಕತ್ತರಿಯಲ್ಲಿ ಕತ್ತರಿಸಲು ಹೋಗಿ ಬೈಸಿಕೊಂಡೆ. ಮನೆಯ ದೊಡ್ಡ ಕತ್ತರಿ ತೆಗೆದುಕೊಂಡು ಫೋಟೋ ಒಂದು ಕಡೆ, ನಂಬರು ಒಂದು ಕಡೆ ಆಗುವ ಹಾಗೆ ನಾಲ್ಕು ತುಂಡು ಮಾಡಿ.